ಕಿರು ನಾಜಲ್‌ನ ಅನಿಲ: ಮಾದರಿಗಳ ಬಲ ಮತ್ತು ಮಿತಿ

ಬಾಹ್ಯಾಕಾಶ ವಿಜ್ಞಾನಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1975ರಲ್ಲಿ ಕಕ್ಷೆ ಸೇರಿದ ಆರ್ಯಭಟ ಉಪಗ್ರಹ ಸುಮಾರು 360 ಕಿಲೋ ತೂಗುತ್ತಿತ್ತು. ಅದನ್ನು ತನ್ನ ಅಕ್ಷದ ಸುತ್ತ ತಿರುಗಿಸುವ ಕೆಲಸವನ್ನು ಒತ್ತಡದಲ್ಲಿ ತುಂಬಿಟ್ಟ ಅನಿಲದ ಚಿಮ್ಮುವಿಕೆಗೆ ಒಪ್ಪಿಸಲಾಗಿತ್ತು. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ಪರೀಕ್ಷಿತ್ ಉಪಗ್ರಹವಾದರೋ 10 ಸೆಂ.ಮೀ. ಬದಿಯ ಎರಡು ಘನಗಳಷ್ಟೇ ದೊಡ್ಡದು, ಮತ್ತು ಕಕ್ಷೆಯಿಂದ ಇಳಿಯಲು ಅದರ ವಿನ್ಯಾಸ ನೆಚ್ಚಿದ್ದು ಅನಿಲವನ್ನಲ್ಲ, ಭೂಮಿಯ ಕಾಂತಕ್ಷೇತ್ರದಲ್ಲಿ ಎಳೆತಕ್ಕೊಳಗಾಗುವ ವಿದ್ಯುದ್ವಾಹಕ ತಂತಿಯನ್ನು. ಇಳಿಯುವುದಕ್ಕೆ ಅದು ಸಾಕು. ಆದರೆ 2014ರಲ್ಲಿ ಪಿಎಸ್‌ಎಲ್‌ವಿ ರಾಕೆಟ್ ಹೊತ್ತೊಯ್ದ ಕೆನಡಾದ ಕ್ಯಾನ್‌ಎಕ್ಸ್-4 ಮತ್ತು 5 ಉಪಗ್ರಹಗಳಂತೆ ಪರಸ್ಪರ ಅಂತರ ಕಾಯ್ದುಕೊಂಡು ಜೋಡಿಯಾಗಿ ಹಾರಬೇಕಾದಾಗ, ಅವುಗಳಲ್ಲಿದ್ದಂತಹ ಪುಟ್ಟ ಅನಿಲ ಥ್ರಸ್ಟರುಗಳೇ, ಅಂದರೆ ನಾಜಲ್ ಎಂಬ ಕಿರುಬಾಯಿಯಿಂದ ಅನಿಲ ಚಿಮ್ಮಿಸಿ ನೂಕುವ ಸಾಧನಗಳೇ ಬೇಕಾಗುತ್ತವೆ.

ಇಂಥ ಥ್ರಸ್ಟರಿನೊಳಗಿನ ಅನಿಲವನ್ನು ಗಣಕದಲ್ಲಿ ಅನುಕರಿಸುವವರು ಮೊದಲು ನೋಡುವುದು ನುಡ್ಸೆನ್ ಸಂಖ್ಯೆಯನ್ನು, ಅಂದರೆ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ ಸಾಗುವ ದೂರವನ್ನು ಮಾರ್ಗದ ಅಗಲದಿಂದ ಭಾಗಿಸಿದಾಗ ಬರುವ ಬೆಲೆಯನ್ನು. ಅದು 0.01ಕ್ಕಿಂತ ಕಡಿಮೆಯಿದ್ದರೆ ಅನಿಲವನ್ನು ಎಡೆಬಿಡದ ದ್ರವ್ಯವೆಂದೆಣಿಸುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳು ಸಲ್ಲುತ್ತವೆ. ಅದು ಹೆಚ್ಚಿದಂತೆ ಅಣುಗಳನ್ನೇ ಯಾದೃಚ್ಛಿಕವಾಗಿ ಡಿಕ್ಕಿಯಾಡಿಸುವ, 1960ರ ದಶಕದಲ್ಲಿ ಗ್ರೇಮ್ ಬರ್ಡ್ ರೂಪಿಸಿದ ವಿಧಾನ ಬೇಕಾಗುತ್ತದೆ. ನಾಜಲ್ ಚಿಕ್ಕದೆಂದ ಮಾತ್ರಕ್ಕೆ ಅಣುಗಳ ಲೆಕ್ಕಕ್ಕೆ ಹಾರುವ ಉತ್ಸಾಹ ಮಾತ್ರ ಒಪ್ಪತಕ್ಕದ್ದಲ್ಲ. ಒಂದು ವಾತಾವರಣ ಒತ್ತಡದ ಸಾರಜನಕದಲ್ಲಿ ಆ ಸರಾಸರಿ ದೂರ ಸುಮಾರು 0.07 ಮೈಕ್ರಾನ್, ಆದ್ದರಿಂದ ನಾಜಲ್‌ನ ಅತಿ ಕಿರಿದಾದ ಭಾಗವಾದ ಕಂಠ 30 ಮೈಕ್ರಾನ್ ಅಗಲವಿದ್ದರೂ ನುಡ್ಸೆನ್ ಸಂಖ್ಯೆ ಸಾವಿರದಲ್ಲಿ ಕೆಲವೇ ಭಾಗಗಳನ್ನು ಮೀರುವುದಿಲ್ಲ. ಅಲ್ಲಿ ನಿಜವಾಗಿ ಕಾಡುವುದು ಅನಿಲದ ಸ್ನಿಗ್ಧತೆ: ಹರಿವಿನ ಜಡತ್ವಕ್ಕೂ ಒಳಘರ್ಷಣೆಗೂ ಇರುವ ಅನುಪಾತವಾದ ರೇನಾಲ್ಡ್ಸ್ ಸಂಖ್ಯೆ ಕೆಲವು ನೂರಕ್ಕೆ ಕುಸಿದು, ಗೋಡೆಗೆ ಅಂಟಿದ ನಿಧಾನಗತಿಯ ಪದರ ದಪ್ಪವಾಗಿ, ಹಿಗ್ಗುವ ಮಾರ್ಗದ ಬಹುಭಾಗವನ್ನು ನುಂಗಿಬಿಡುತ್ತದೆ. ನಡುಗೆರೆಯಿಂದ ಗೋಡೆ ಓರೆಯಾಗುವ ಅರ್ಧಕೋನ ದೊಡ್ಡ ರಾಕೆಟ್ಟಿಗೆ ಸುಮಾರು 15 ಡಿಗ್ರಿ ಒಪ್ಪುತ್ತದೆ; ಅದಕ್ಕಿಂತ ಇಲ್ಲಿ 30ರ ಆಸುಪಾಸಿನ ಗಿಡ್ಡ, ಅಗಲ ನಾಜಲ್ ಮೇಲೆನಿಸುವುದಕ್ಕೆ ಇದೇ ಕಾರಣ.

ಈ ಪದರದ ಒಂದು ಭಾಗವನ್ನೇ ಮರೆಸಿಬಿಡುವುದು ಎರಡು ಆಯಾಮದ ಮಾದರಿಗಳ ದೊಡ್ಡ ಕೊರತೆ. ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ ನಾಜಲ್‌ಗೆ ಪಕ್ಕದ ಗೋಡೆಗಳಲ್ಲದೆ ಚಪ್ಪಟೆ ನೆಲವೂ ಮುಚ್ಚಳವೂ ಇರುತ್ತವೆ; ಅವೆರಡರ ಘರ್ಷಣೆಯನ್ನು ಬಿಟ್ಟು ಪಡೆದ ನೂಕುಬಲ, ಬಣ್ಣದ ಚಿತ್ರಗಳು ಎಷ್ಟೇ ಸೊಗಸಾಗಿದ್ದರೂ, ವಾಸ್ತವಕ್ಕಿಂತ ಹೆಚ್ಚೇ ಬರುತ್ತದೆ. ಬರ್ಡ್ ವಿಧಾನಕ್ಕೆ ತಕ್ಕ ಜಾಗ ನಾಜಲ್‌ನ ಬಾಯಿ ಮತ್ತು ಅದರಾಚೆ: ಅಲ್ಲಿ ಅನಿಲ ವಿರಳವಾಗಿ ಹಿಮ್ಮುಖವಾಗಿಯೂ ಹರಡಿ ಸೌರಫಲಕವನ್ನೋ ಕ್ಯಾಮರಾವನ್ನೋ ತಾಕಬಲ್ಲದು, ಅದನ್ನು ನೇವಿಯರ್–ಸ್ಟೋಕ್ಸ್ ಸಮೀಕರಣಗಳು ಹೇಳಲಾರವು.

ಎರಡೂ ವಿಧಾನಗಳಿಗೆ ಗೋಡೆಯ ಬಗ್ಗೆ ಒಂದು ಊಹೆ ಬೇಕು. ಗೋಡೆಗೆ ಬಡಿದ ಅಣುಗಳಲ್ಲಿ ಎಷ್ಟು ಪಾಲು ಬಂದ ದಿಕ್ಕು ಮರೆತು ಚದುರುತ್ತದೆಂಬುದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1879ರಲ್ಲೇ ಒಂದು ಗುಣಾಂಕವಾಗಿ ಸೂಚಿಸಿದ್ದ. ಮೇಲ್ಮೈಯ ಒರಟುತನವನ್ನು ಅವಲಂಬಿಸುವ ಅದನ್ನು ಸುಮ್ಮನೆ 1 ಎಂದಿಟ್ಟುಕೊಳ್ಳುವುದುಂಟು, ಅಳತೆಗೆ ಹೊಂದುವವರೆಗೆ ತಿದ್ದುವುದೂ ಉಂಟು. ಹಾಗೆ ತಿದ್ದಿ ಪಡೆದ ಹೊಂದಾಣಿಕೆ ಮಾದರಿಯ ಗೆಲುವಲ್ಲ. ಅದೇ ಗುಣಾಂಕವನ್ನಿಟ್ಟುಕೊಂಡು ಬೇರೆ ಒತ್ತಡದ, ಬೇರೆ ಕಂಠದ ನೂಕುಬಲವನ್ನು ಅಳೆಯುವ ಮುನ್ನವೇ ಹೇಳಿದ ಲೆಕ್ಕವನ್ನಷ್ಟೇ ವಿನ್ಯಾಸಕಾರರು ನೆಚ್ಚಬಹುದು.