ಒಲೆಯ ಮೇಲಿನ ಹಾಲು

ಮೊನ್ನೆ ಒಂದು ಸಂಗೀತ ಸಭೆಯಲ್ಲಿ ವ್ಯಾಸರಾಯರ 'ಕೃಷ್ಣ ನೀ ಬೇಗನೆ ಬಾರೋ' ಕೇಳುತ್ತ ಕುಳಿತಿದ್ದೆ. ಹಾಡುತ್ತಿದ್ದವರ ಶಾರೀರ ಚೆನ್ನಾಗಿತ್ತು. ಯಮುನಾಕಲ್ಯಾಣಿ ಮೆಲ್ಲಮೆಲ್ಲನೆ ಸಭಾಂಗಣವನ್ನೆಲ್ಲ ತುಂಬಿಕೊಂಡಿತು. ಪಲ್ಲವಿಯೊಂದನ್ನೇ, ಸಂಗತಿಯ ಮೇಲೆ ಸಂಗತಿ ಬಿಡಿಸಿ, ಸುಮಾರು ಹತ್ತು ನಿಮಿಷ ಹಾಡಿರಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಕಾಲಾಡಿಸುತ್ತ ಕುಳಿತಿದ್ದ ಐದು ವರ್ಷದ ಮಗಳು ನನ್ನ ಕಿವಿಯ ಹತ್ತಿರ ಬಾಗಿ, ತನಗೆ ಪಿಸುಮಾತೆಂದು ತೋರಿದ ದೊಡ್ಡ ದನಿಯಲ್ಲಿ, "ಅಮ್ಮಾ, ಕೃಷ್ಣ ಇನ್ನೂ ಬರ್ಲಿಲ್ವಾ?" ಎಂದು ಕೇಳಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಆ ಸಂಜೆಯ ವಿಮರ್ಶೆಯನ್ನು ಅವಳು ಅಲ್ಲಿಯೇ ಮಾಡಿ ಮುಗಿಸಿದ್ದಳೆಂದು ಮನೆಗೆ ಬಂದ ಮೇಲೆ ನನಗೆ ತೋರಿತು. ಬೇಗ ಬಾ ಎಂದು ಕರೆಯುವವಳು ತಾಯಿ. ಅವಳ ಕೈಯಲ್ಲಿ ಕಲಸಿದ ಅನ್ನ ಆರುತ್ತಿರುತ್ತದೆ, ಒಳಗೆ ಇನ್ನೂ ನಾಲ್ಕು ಕೆಲಸ ಕಾದಿರುತ್ತವೆ. ವಿದ್ವಾಂಸರ ಹಾಡುಗಾರಿಕೆಯ ಮೇಲೆ ನನ್ನ ದೂರೇನೂ ಇಲ್ಲ. ಆ ನಿಧಾನದಲ್ಲಿಯೂ ಒಂದು ಚೆಲುವುಂಟು. ಆದರೆ ಈ ಪದಗಳು ಮನೆಯಿಂದ ಸಭೆಗೆ ನಡೆದು ಬರುವ ದಾರಿಯಲ್ಲಿ ಮನೆಯೇ ಎಲ್ಲಿಯೋ ಬಿದ್ದುಹೋಗಿದೆ. ನಾನು ಈಗ ಹುಡುಕಹೊರಟಿರುವುದು ಆ ಬಿದ್ದುಹೋದ ಮನೆಯನ್ನು.

ಬಾಲಕೃಷ್ಣನ ಪದಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಪಂಗಡ. ಮೊದಲನೆಯವರಿಗೆ ತತ್ತ್ವದ ಆತುರ. ಯಶೋದೆ ಮಗನನ್ನು ಒರಳಿಗೆ ಕಟ್ಟಹೊರಟಾಗ ಎಷ್ಟು ಹಗ್ಗ ಸೇರಿಸಿದರೂ ಎರಡು ಅಂಗುಲ ಸಾಲದೆ ಹೋಯಿತಲ್ಲ, ಅದರಲ್ಲಿ ಒಂದು ಅಂಗುಲ ಮನುಷ್ಯಪ್ರಯತ್ನ, ಇನ್ನೊಂದು ಅಂಗುಲ ಭಗವತ್ಕೃಪೆ ಎಂದು ಅಳೆದು ಕೊಟ್ಟುಬಿಡುತ್ತಾರೆ. ಎರಡನೆಯವರು ವಾತ್ಸಲ್ಯರಸ ಎಂದು ಒಂದು ಚೀಟಿ ಅಂಟಿಸಿ ಎದ್ದುಹೋಗುತ್ತಾರೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ವತ್ಸಲಕ್ಕೆ ರಸದ ಪಟ್ಟ ಕೊಟ್ಟದ್ದು ನಿಜ. ಆದರೆ ಪಟ್ಟ ಕಟ್ಟಿದ ಮಾತ್ರಕ್ಕೆ ಪದ ಅರ್ಥವಾಗುವುದಿಲ್ಲ. ಈ ಎರಡು ಪಂಗಡದವರಲ್ಲಿ ಯಾರೂ ನಗುವುದಿಲ್ಲವೆಂಬುದು ನನಗೆ ಆಶ್ಚರ್ಯ. ಮೂಲದಲ್ಲಿ ಎಲ್ಲರೂ ನಗುತ್ತಿದ್ದಾರೆ.

ಮೂಲವೆಂದರೆ ಭಾಗವತದ ದಶಮಸ್ಕಂಧ. ಅದರ ಒಂಬತ್ತನೆಯ ಅಧ್ಯಾಯದ ಆರಂಭವನ್ನು ನಾನು ಓದಿದ್ದು ಮದುವೆಗೆ ಮುಂಚೆ. ಅರ್ಥವಾದದ್ದು ಎರಡನೆಯ ಮಗು ಹುಟ್ಟಿದ ಮೇಲೆ. ಆ ದಿನ ನಂದಗೋಪನ ಮನೆಯ ಕೆಲಸದವರಿಗೆ ಬೇರೆ ಕೆಲಸಗಳಿವೆ. (ಪುರಾಣಕಾರನಿಗೆ ಇದನ್ನು ಹೇಳಬೇಕೆಂದು ತೋಚಿತಲ್ಲ ಎಂದು ನನಗೆ ಇಂದಿಗೂ ಸಂತೋಷ.) ಆದ್ದರಿಂದ ಯಶೋದೆಯೇ ಮೊಸರು ಕಡೆಯಲು ಕುಳಿತಿದ್ದಾಳೆ. ಕಡೆಯುತ್ತ ಮಗನ ಆಟಗಳನ್ನೇ ನೆನೆದು ಹಾಡಿಕೊಳ್ಳುತ್ತಾಳೆ. ಅಂದರೆ ಬಾಲಲೀಲೆಯ ಮೊದಲ ಹಾಡುಗಾರ್ತಿ ಯಶೋದೆ, ಮೊದಲ ಶ್ರುತಿ ಕಡೆಗೋಲಿನದು. ಮಗು ಬಂದು ಕಡೆಗೋಲನ್ನು ಹಿಡಿದುಕೊಳ್ಳುತ್ತದೆ. ತೊಡೆಯ ಮೇಲೆ ಹಾಕಿಕೊಂಡು, ನಗುವ ಮೋರೆ ನೋಡುತ್ತ ಹಾಲೂಡುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲೆ ಇಟ್ಟ ಹಾಲು ಉಕ್ಕುತ್ತದೆ. ಮಗುವಿಗೆ ಇನ್ನೂ ಹೊಟ್ಟೆ ತುಂಬಿಲ್ಲ. ಹಾಗೆಯೇ ಕೆಳಗಿಳಿಸಿ ಓಡುತ್ತಾಳೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಯೋಗಿಗಳಿಗೆ ಧ್ಯಾನದಲ್ಲಿಯೂ ಸಿಕ್ಕದವನು ಎಂದು ಅದೇ ಗ್ರಂಥ ಹೇಳುತ್ತದೆ. ಅಂಥವನು ತೊಡೆಯ ಮೇಲೆಯೇ ಇದ್ದಾನೆ. ಅವನನ್ನು ಕೆಳಗಿಟ್ಟು ಅವಳು ಹಾಲು ಇಳಿಸಲು ಹೋದಳು. ನಮ್ಮ ಮನೆಯಲ್ಲಿ ಇದು ದಿನಕ್ಕೊಮ್ಮೆಯಾದರೂ ನಡೆಯುತ್ತದೆ. ಗ್ಯಾಸಿನ ಒಲೆಯಾದರೂ ಹಾಲು ನಾವು ನೋಡುವವರೆಗೆ ಸುಮ್ಮನಿದ್ದು, ಮಗುವನ್ನೆತ್ತಿಕೊಂಡ ಕ್ಷಣಕ್ಕೆ ಸರಿಯಾಗಿ ಉಕ್ಕುತ್ತದೆ. ನಾನು ಇಳಿಸಿದ ಕೂಸು ನೆಲದ ಮೇಲೆ ಕುಳಿತು ಜಗತ್ತೇ ಮುಳುಗಿದಂತೆ ಅಳುತ್ತದೆ. ಕಣ್ಣಲ್ಲಿ ನೋಡಿದರೆ ಒಂದು ಹನಿಯೂ ಇಲ್ಲ. ಭಾಗವತದ ಮಗುವೂ ತುಟಿ ಕಚ್ಚಿಕೊಂಡಿತು, ಸುಳ್ಳು ಕಣ್ಣೀರು ತಂದುಕೊಂಡಿತು, ಕಲ್ಲಿನಿಂದ ಮೊಸರಿನ ಗಡಿಗೆ ಒಡೆಯಿತು, ಒಳಗೆ ಹೋಗಿ ಬೆಣ್ಣೆ ತಿಂದಿತು. 'ಸುಳ್ಳು' ಎಂಬ ಮಾತು ನನ್ನದಲ್ಲ, ಮೂಲದ್ದೇ. ಅಳುವ ಕೂಸನ್ನು ಎಂದೂ ಹತ್ತಿರದಿಂದ ನೋಡದವನಿಗೆ ಆ ಒಂದು ವಿಶೇಷಣ ಹೊಳೆಯುವುದಿಲ್ಲ.

ಅದರ ಹಿಂದಿನ ಅಧ್ಯಾಯದಲ್ಲಿ ನೆರೆಯ ಗೋಪಿಯರು ತರುವ ದೂರಿನ ಪಟ್ಟಿಯನ್ನೂ ನೋಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕರು ಬಿಚ್ಚುತ್ತಾನೆ, ಬೈದರೆ ನಗುತ್ತಾನೆ. ಕದ್ದ ಮೊಸರನ್ನು ಕೋತಿಗಳಿಗೆ ಹಂಚುತ್ತಾನೆ. ನೆಲವು ಎಟುಕದಿದ್ದರೆ ಮಣೆ, ಒರಳು ಒಟ್ಟಿ ಹತ್ತುತ್ತಾನೆ. ಏನೂ ಸಿಕ್ಕದಿದ್ದರೆ ಮಲಗಿದ ಕೂಸುಗಳನ್ನು ಅಳಿಸಿ ಹೋಗುತ್ತಾನೆ. ಸಾರಿಸಿ ಗುಡಿಸಿದ ಮನೆಯಲ್ಲಿ ಉಚ್ಚೆ ಹೊಯ್ಯುತ್ತಾನೆ. ಈಗ ನೋಡಿದರೆ ನಿನ್ನ ಪಕ್ಕದಲ್ಲಿ ಸಾಧುವಿನ ಹಾಗೆ ನಿಂತಿದ್ದಾನೆ, ಎನ್ನುತ್ತಾರೆ. ಯಶೋದೆ ಆ ಅಂಜಿದ ಕಣ್ಣುಗಳನ್ನು ನೋಡಿ ನಕ್ಕಳಂತೆ, ಗದರಿಸಲು ಅವಳಿಗೆ ಮನಸ್ಸಾಗಲಿಲ್ಲವಂತೆ. ಮಕ್ಕಳಿಗೆಂದು ನಾವು ಈಗ ಅಚ್ಚುಹಾಕುವ ಕೃಷ್ಣನ ಕಥೆಗಳಲ್ಲಿ ಬೆಣ್ಣೆ ಉಳಿದಿದೆ, ಉಚ್ಚೆ ಹೋಗಿದೆ. ಪುರಾಣಕ್ಕಿದ್ದ ಧೈರ್ಯ ನಮಗಿಲ್ಲ. ನನ್ನ ಮಗಳಿಗೆ ಪಟ್ಟಿಯನ್ನು ಪೂರ್ತಿಯಾಗಿ ಹೇಳಿದಾಗ, ಅವಳು ತನ್ನ ತಮ್ಮನನ್ನು ಹೊಸ ಗೌರವದಿಂದ ನೋಡಿದಳು.

ಪುರಂದರದಾಸರಿಗೆ ಈ ಧೈರ್ಯವಿತ್ತು. ಗುಮ್ಮನನ್ನು ಕರೆಯಬೇಡವೆಂದು ಮಗು ಅಮ್ಮನನ್ನು ಬೇಡಿಕೊಳ್ಳುವ ಅವರ ಪದ ಕನ್ನಡ ಮನೆಗಳಿಗೆಲ್ಲ ಗೊತ್ತು. ನಮ್ಮ ಅತ್ತೆಯವರು ಮಕ್ಕಳಿಗೆ ಎಣ್ಣೆ ಹಚ್ಚುವಾಗ ಹೇಳುವುದು ಅದನ್ನೇ. ಆ ಪದದ ಸ್ವಾರಸ್ಯ ಗುಮ್ಮನಲ್ಲಿಲ್ಲ. ಮಗು ಕೊಡುವ ಮಾತುಗಳಲ್ಲಿದೆ. ಅಳುವುದಿಲ್ಲ, ಅಣ್ಣನನ್ನು ಬೈಯುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಹತ್ತಿರ ಹೋಗುವುದಿಲ್ಲ ಎಂದು ಒಂದೊಂದಾಗಿ ಒಪ್ಪಿಕೊಳ್ಳುತ್ತ ಹೋಗುತ್ತದೆ. ತಾಯಿ ಇದಾವುದನ್ನೂ ಕೇಳಿರಲಿಲ್ಲವೆಂಬುದನ್ನು ಗಮನಿಸಬೇಕು. ಹೆದರಿದ ಮಗು ಇನ್ನು ಮುಂದೆ ಮಾಡುವುದಿಲ್ಲವೆಂದು ಹೇಳುತ್ತ ಇದುವರೆಗೆ ಮಾಡಿದ್ದೆಲ್ಲವನ್ನೂ ತಾನೇ ಹೊರಗೆ ಹಾಕಿಬಿಟ್ಟಿದೆ! ಈ ಉಪಾಯದಿಂದಲೇ ನಮ್ಮ ಮನೆಯಲ್ಲಿ ಕಳೆದುಹೋದ ಕೀಲಿಕೈಯೊಂದು ಅಕ್ಕಿಯ ಡಬ್ಬಿಯಲ್ಲಿ ಪತ್ತೆಯಾಯಿತು.

ಈ ಪಟ್ಟಿಯ ನಡುವೆ, ಏನೂ ಅರಿಯದವರ ಹಾಗೆ, ದಾಸರು ಒಂದು ಮಾತನ್ನು ಇಟ್ಟಿದ್ದಾರೆ. ಅತ್ತಿತ್ತ ಅಲ್ಲಾಡದೆ, ದೇವರ ಹಾಗೆ ಒಂದು ಕಡೆ ಕುಳಿತುಬಿಡುವುದಾಗಿ ಮಗು ಭರವಸೆ ಕೊಡುತ್ತದೆ. ಕೇಳಿದವರು ನಗುತ್ತಾರೆ, ನಕ್ಕ ಮೇಲೆ ಬೆಚ್ಚುತ್ತಾರೆ. ದೇವರ ಮನೆಯ ದೇವರಂತೂ ಕುಳಿತ ಕಡೆ ಕುಳಿತಿದ್ದಾನೆ, ಅವನಿಂದ ತೊಂದರೆಯಿಲ್ಲ. ಕುಳಿತ ಕಡೆ ಕೂರದೆ ಮನೆಯೆಲ್ಲ ರಂಪ ಮಾಡುವ ಈ ಕೂಸು ಯಾರು ಹಾಗಾದರೆ? ದಾಸರು ಉತ್ತರ ಹೇಳುವುದಿಲ್ಲ. ಇದರಲ್ಲಿ ಹಾಸ್ಯವೆಷ್ಟು, ಭಕ್ತಿಯೆಷ್ಟು ಎಂದು ಬೇರ್ಪಡಿಸಿ ತೋರಿಸಬಲ್ಲ ವಿಮರ್ಶಕನನ್ನು ನಾನಿನ್ನೂ ಕಂಡಿಲ್ಲ.

'ಜಗದೋದ್ಧಾರನ' ಪದದ್ದು ಬೇರೆ ರೀತಿ. ಕಾಪಿ ರಾಗದಲ್ಲಿ ಅದನ್ನು ಕೇಳದವರಿಲ್ಲ. ಒಮ್ಮೆ ರಾಗವನ್ನು ಬದಿಗಿಟ್ಟು, ಶಾಲೆಯ ಹುಡುಗರು ಮಾಡುವ ಹಾಗೆ, ವಾಕ್ಯವನ್ನು ಬಿಡಿಸಿ ನೋಡಿ. ಪರಮಪುರುಷನೆಂಬಂಥ ದೊಡ್ಡ ದೊಡ್ಡ ಮಾತುಗಳೆಲ್ಲ ದ್ವಿತೀಯಾ ವಿಭಕ್ತಿಯಲ್ಲಿವೆ, ಎಲ್ಲವೂ ಕರ್ಮಪದಗಳು. ಕರ್ತೃ ಯಶೋದೆ ಒಬ್ಬಳೇ. ಅವಳ ಕ್ರಿಯೆ ಆಡಿಸುವುದು, ಅಷ್ಟೆ. ವೇದಗಳಿಗೆ ಸಿಲುಕದವನು ಒಬ್ಬ ಗೃಹಿಣಿಯ ವಾಕ್ಯದೊಳಗೆ ಕರ್ಮಪದವಾಗಿ ಸಿಲುಕಿದ್ದಾನೆ. ಅವನು ಯಾರೆಂದು ಅವಳಿಗೆ ಗೊತ್ತಿಲ್ಲ, ಮಗನೆಂದೇ ತಿಳಿದಿದ್ದಾಳೆ. ಗೊತ್ತಿದ್ದಿದ್ದರೆ ಆಡಿಸುತ್ತಿರಲಿಲ್ಲ; ಕೈಮುಗಿದು ದೂರ ನಿಲ್ಲುತ್ತಿದ್ದಳು.

ಭಾಗವತವೂ ಇದನ್ನು ಬಲ್ಲುದು. ಮಣ್ಣು ತಿಂದನೆಂದು ಬಾಯಿ ತೆರೆಸಿದಾಗ ಅವಳಿಗೆ ಒಳಗೆ ಜಗತ್ತೆಲ್ಲ ಕಂಡಿತು. ಗೋಕುಲವೂ, ಅದರಲ್ಲಿ ತಾನೂ ಕಂಡಳು. ಇದನ್ನು ಎಲ್ಲರೂ ಚಿತ್ರ ಬರೆದಿದ್ದಾರೆ. ಮುಂದೇನಾಯಿತೆಂದು ಬರೆದವರು ಕಡಮೆ. ಮುಂದೆ ಅವಳು ಮರೆತಳು. ಆ ಕ್ಷಣವೇ ನೆನಪು ಅಳಿಸಿಹೋಗಿ, ಮಗನನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅಂಥ ದರ್ಶನ ಮರೆತುಹೋಯಿತಲ್ಲ ಎಂದು ಮರುಗುವವರುಂಟು. ಮರೆಯದಿದ್ದರೆ ಸಂಜೆಗೆ ಅವನ ಮೈ ತೊಳೆಸುವವರು ಯಾರು?

ಇಲ್ಲಿಯವರೆಗೆ ಬರೆದು, ಮಕ್ಕಳನ್ನು ಸಾಕಿದವರು ಮಾತ್ರ ಇಂಥ ಪದ ಬರೆಯಬಲ್ಲರು, ಸಂಸಾರಿಗಳಾದ ಪುರಂದರದಾಸರು ಬರೆದದ್ದು ಅದರಿಂದಲೇ, ಎಂದು ಸಿದ್ಧಾಂತ ಮಾಡಿಬಿಡುವ ಆಸೆ ನನಗಿತ್ತು. ವ್ಯಾಸರಾಯರು ಅಡ್ಡ ಬಂದರು. 1539ರಲ್ಲಿ ವೃಂದಾವನಸ್ಥರಾದ ಅವರು ಸನ್ಯಾಸಿಗಳು, ಪೀಠಾಧಿಪತಿಗಳು, ತರ್ಕದ ಉದ್ಗ್ರಂಥಗಳನ್ನು ಬರೆದವರು. 'ಕೃಷ್ಣಕರ್ಣಾಮೃತ'ದ ಲೀಲಾಶುಕನೂ ವಿರಕ್ತನೆಂದೇ ಸಂಪ್ರದಾಯದ ಮಾತು. ಆದರೂ ಅವನ ಒಂದು ಶ್ಲೋಕದಲ್ಲಿ ಯಶೋದೆ ಮಗನನ್ನು ಮಲಗಿಸಲು ರಾಮನ ಕಥೆ ಹೇಳುತ್ತಾಳೆ. ಮಗು ಒಂದೊಂದು ಮಾತಿಗೂ ಹೂಂಗುಟ್ಟುತ್ತದೆ. ನಮ್ಮ ಮನೆಗಳಲ್ಲಿ ಈಗಲೂ ಹಾಗೆಯೇ, ಹೂಂ ನಿಂತಿತೆಂದರೆ ಕಥೆ ಹೇಳುವವರಿಗೆ ಬಿಡುಗಡೆ. ರಾವಣ ಸೀತೆಯನ್ನು ಕದ್ದೊಯ್ದ ಮಾತು ಬಂದೊಡನೆ ನಿದ್ದೆಗಣ್ಣಿನ ಕೂಸು ಹಿಂದಿನ ಅವತಾರ ನೆನೆದು, ಲಕ್ಷ್ಮಣನನ್ನು ಕೂಗಿ ಬಿಲ್ಲು ಕೇಳುತ್ತದೆ. ಮಲಗಿಸಲು ಹೇಳಿದ ಕಥೆ ಎಬ್ಬಿಸಿ ಕೂರಿಸಿತು. ಇದನ್ನು ಬರೆದವನು ಕೂಸನ್ನು ಮಲಗಿಸಲಾರದೆ ಸೋತ ತಾಯಿಯೊಬ್ಬಳನ್ನು ಎಲ್ಲಿಯೋ ನೋಡಿದ್ದಾನೆ. ಆದ್ದರಿಂದ ನನ್ನ ಸಿದ್ಧಾಂತವನ್ನು ಹಿಂತೆಗೆದುಕೊಂಡಿದ್ದೇನೆ.

ಹಾಗೆಂದು ಬಾಲಲೀಲೆಯ ಪದಗಳೆಲ್ಲ ಒಳ್ಳೆಯವೆಂದಲ್ಲ. ದಾಸರ ಹಾದಿ ಹಿಡಿದ ಎಷ್ಟೋ ಪದಗಳಲ್ಲಿ ಯಶೋದೆ ಮಗನನ್ನು ಎತ್ತಿಕೊಳ್ಳುವ ಮುಂಚೆಯೇ ಮತ್ಸ್ಯ, ಕೂರ್ಮ, ವರಾಹಗಳ ಪಟ್ಟಿ ಒಪ್ಪಿಸಿಬಿಡುತ್ತಾಳೆ. ಎಲ್ಲ ತಿಳಿದ ತಾಯಿ ಅವಳು. ಅವಳ ಮನೆಯಲ್ಲಿ ಹಾಲು ಉಕ್ಕುವುದೇ ಇಲ್ಲ. ಅಲ್ಲಿ ಭಕ್ತಿ ಇರಬಹುದು, ಕೂಸು ಇಲ್ಲ.

ಗೊತ್ತಿಲ್ಲದೆ ಸಾಕುವುದರಲ್ಲಿ ಭಯವೂ ಸೇರಿದೆ. ಪೂತನಿ ಸತ್ತ ಮೇಲೆ ಗೋಪಿಯರು ಮಗುವಿನ ಸುತ್ತ ಹಸುವಿನ ಬಾಲ ಆಡಿಸಿ, ಗೋಮೂತ್ರ ಗೋಧೂಳಿಗಳಿಂದ ಮೈ ತೊಳೆದು, ಹನ್ನೆರಡು ಅಂಗಗಳ ಮೇಲೆ ವಿಷ್ಣುವಿನ ಹನ್ನೆರಡು ಹೆಸರಿಟ್ಟು ರಕ್ಷೆ ಮಾಡಿದರೆಂದು ಆರನೆಯ ಅಧ್ಯಾಯದಲ್ಲಿದೆ. ವಿಷ್ಣುವನ್ನು ವಿಷ್ಣುವೇ ಕಾಪಾಡಲಿ ಎಂದು! ಹಿಂದೆ ಇದನ್ನು ಓದಿ ಚೆನ್ನಾಗಿ ನಕ್ಕಿದ್ದೆ. ಹೋದ ಮಳೆಗಾಲದಲ್ಲಿ ನನ್ನ ಮಗನಿಗೆ ನಾಲ್ಕು ದಿನ ಜ್ವರ ಬಿಡಲಿಲ್ಲ. ಮೂರನೆಯ ರಾತ್ರಿ ಅವನು ನನ್ನ ಗುರುತೇ ಹತ್ತದವನ ಹಾಗೆ ನೋಡಿದ. ವೈದ್ಯರು ಹೇಳಿದ್ದನ್ನೆಲ್ಲ ಮಾಡುತ್ತಿದ್ದೆವು. ಮಾಡಲು ಬೇರೇನೂ ಉಳಿದಿರಲಿಲ್ಲ. ಹರಕೆ ಗಿರಕೆ ಎಂದರೆ ಮೂಗು ಮುರಿಯುತ್ತಿದ್ದ ನಾನು ಎದ್ದು ಹೋಗಿ ಅರಿಸಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿ ದೇವರ ಮುಂದೆ ಇಟ್ಟೆ. ಅತ್ತೆಯವರು ನೋಡಿದರು, ಏನೂ ಅನ್ನಲಿಲ್ಲ. ನಾನು ಬೇಡಿಕೊಂಡದ್ದು ಯಾವ ದೇವರನ್ನು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗೋಪಿಯರನ್ನು ನೋಡಿ ನಗುವುದನ್ನು ಆ ರಾತ್ರಿ ಬಿಟ್ಟೆ.

ಜ್ವರ ಬಿಟ್ಟ ಮೂರನೆಯ ದಿನ ಮಗ ಗಂಟು ಬಿಚ್ಚಿ ನಾಣ್ಯ ಎಣಿಸುತ್ತ ಕುಳಿತಿದ್ದ. "ಅದು ದೇವರ ದುಡ್ಡು ಕಣೋ, ಮುಟ್ಟಬಾರದು" ಎಂದೆ. "ದೇವ್ರಿಗೆ ಜೇಬೆಲ್ಲಿದೆ?" ಎಂದ. ಅತ್ತೆಯವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ ಗಂಟನ್ನು ಮತ್ತೆ ಕಟ್ಟಿ ಕೈಗೆಟುಕದ ಕಡೆ ಇಟ್ಟರು.

ಆ ಒಂಬತ್ತನೆಯ ಅಧ್ಯಾಯದಲ್ಲಿ ಹಾಲು ಇಳಿಸಿ ಬಂದ ಯಶೋದೆ ಒಡೆದ ಗಡಿಗೆಯನ್ನು ನೋಡುತ್ತಾಳೆ. ಯಾರ ಕೆಲಸವೆಂದು ತಿಳಿದು ನಗುತ್ತಾಳೆ. ಮಗ ಅಲ್ಲಿಲ್ಲ. ಹುಡುಕಿದರೆ, ಬೋರಲು ಹಾಕಿದ ಒರಳಿನ ಮೇಲೆ ಕುಳಿತು ಕೋತಿಗೆ ಬೆಣ್ಣೆ ತಿನ್ನಿಸುತ್ತಿದ್ದಾನೆ. ಕೋಲು ಹಿಡಿದು ಹಿಂದಿನಿಂದ ಮೆಲ್ಲನೆ ಬರುತ್ತಾಳೆ, ಅವನು ಓಡುತ್ತಾನೆ, ಇವಳು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾಳೆ. ಅವನು ನಿಜವಾಗಿಯೂ ಹೆದರಿದ್ದಾನೆಂದು ಕಂಡೊಡನೆ ಕೋಲು ಎಸೆಯುತ್ತಾಳೆ. ಆಮೇಲೆ ಹಗ್ಗ ತರಲು ಹೋಗುತ್ತಾಳೆ.