ಹೆಂಗರುವಿಗೊಂದು ಕಣ್ಣು, ಹೋರಿಗರುವಿಗೆ ಎರಡು

ದೊಡ್ಡಹಬ್ಬ ಕಳೆದು ಗದ್ದೆಯಲ್ಲಿ ತೆನೆ ಬಲಿಯುವ ಹೊತ್ತಿಗೆ ಹುಂಚ, ರಿಪ್ಪನ್‌ಪೇಟೆ, ಕೋಣಂದೂರು ಕಡೆಯ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಕೊಟ್ಟಿಗೆಯಲ್ಲಿ ಈ ವರ್ಷದ ಕರುಗಳಿವೆ, ಹೋದ ವರ್ಷದ ಕಡಸುಗಳಿವೆ. ಹುಲ್ಲು ಎಷ್ಟು ದಿನಕ್ಕೆ ಬಂದೀತು ಎಂಬ ಅಂದಾಜೂ ಸಿಕ್ಕಿದೆ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕೇಳಿದವರಿಗೆ ಕೊಡುವುದು? ಬಣ್ಣ ನೋಡಿ, ಸುಳಿ ನೋಡಿ, ಮನೆಯ ಮಕ್ಕಳಿಗೆ ಯಾವುದರ ಮೇಲೆ ಮಮತೆ ಎಂದು ನೋಡಿ, ಐದು ನಿಮಿಷದಲ್ಲಿ ತೀರ್ಮಾನ ಮುಗಿದುಹೋಗುತ್ತದೆ. ಮುಂದಿನ ಹತ್ತು ಹನ್ನೆರಡು ವರ್ಷ ಆ ಕೊಟ್ಟಿಗೆಯಲ್ಲಿ ಎಂಥ ದನ ಇರುತ್ತದೆ ಎಂಬುದು ಆ ಐದು ನಿಮಿಷದಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಹಾಗಾಗಿ ಈ ವಾರ ಮಲೆನಾಡು ಗಿಡ್ಡದ ಎಳೆಗರುಗಳನ್ನು ನೋಡುವ ಬಗೆಯನ್ನೇ ಎತ್ತಿಕೊಂಡಿದ್ದೇನೆ.

ಗಿಡ್ಡ ಎಂದರೆ ನಮ್ಮ ಊರದನ. ವರ್ಷಕ್ಕೊಂದು ಕರು ಹಾಕುತ್ತದೆಂದು ವರ್ಷಗಂಧಿ ಎಂಬ ಹೆಸರೂ ಇದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದ್ದು 2012ರಲ್ಲಿ. ಅಲ್ಲಿಯತನಕ ಕಡತಗಳಲ್ಲಿ ಇದು ಹೆಸರಿಲ್ಲದ ನಾಟಿ ದನ. ಅಮೃತಮಹಲಿನ ಕತೆ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಅದಕ್ಕೆ ಬೆಣ್ಣೆಚಾವಡಿ ಎಂಬ ಇಲಾಖೆಯಿತ್ತು, ಕಾವಲುಗಳಿದ್ದವು, ಆರಿಸಿ ಸಾಕುವ ಅಧಿಕಾರಿಗಳಿದ್ದರು. ಗಿಡ್ಡಕ್ಕೆ ಯಾವ ಅರಸನ ಚಾವಡಿಯೂ ಇರಲಿಲ್ಲ. ಅದನ್ನು ಆರಿಸಿದ್ದು ನಮ್ಮ ಮಳೆ, ಜಂಬಿಟ್ಟಿಗೆಯ ದಿಬ್ಬ, ಸೊಪ್ಪಿನ ಬೆಟ್ಟ, ಉಣುಗು. ಭುಜದ ಹತ್ತಿರ ಮೂರಡಿ ಆಸುಪಾಸಿನ ಎತ್ತರ, ನೂರು ಕಿಲೋ ಆಸುಪಾಸಿನ ತೂಕದ ಈ ಮೈಕಟ್ಟು ಈ ಜಾಗಕ್ಕೆಂದೇ ತಯಾರಾದದ್ದು. ಅದನ್ನು ನೋಡಿ "ಎಂಥ ಮಾರಾಯ್ರೆ, ಇಷ್ಟೇ ಸಣ್ಣದಾ?" ಎನ್ನುವವರು ಅಳೆಯುತ್ತಿರುವುದು ಜೆರ್ಸಿಯ ಕೋಲಿನಲ್ಲಿ. ಕರುಗಳ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸುವ ಚಪಲವನ್ನು ಮೊದಲು ಬಿಡಬೇಕು. ಗಿಡ್ಡದಲ್ಲಿ ಅಳತೆ ಮೀರಿ ಬೆಳೆದ ಕರುವಿನ ಹಿಂದೆ ಎಷ್ಟೋ ಸಲ ಬೇರೆ ರಕ್ತ ಇರುತ್ತದೆ.

ಕರುವನ್ನು ಕೊಟ್ಟಿಗೆಯ ಕತ್ತಲಲ್ಲಿ ಕಟ್ಟಿದಲ್ಲೇ ನೋಡಬಾರದು. ಅಂಗಳಕ್ಕೆ, ಸಮತಟ್ಟು ಜಾಗಕ್ಕೆ ತರಬೇಕು. ವರ್ಷದಲ್ಲಿ ಇದಕ್ಕೆ ಅತ್ಯುತ್ತಮ ದಿನ ಬಲಿಪಾಡ್ಯಮಿಯ ಬೆಳಿಗ್ಗೆ. ಅಂದು ಗೋಪೂಜೆಗೆ ಎಲ್ಲ ದನಗಳ ಮೈತೊಳೆದಿರುತ್ತಾರೆ. ಶೇಡಿ, ಕೆಮ್ಮಣ್ಣು ಹಚ್ಚುವ ಮೊದಲಿನ ಆ ಅರ್ಧ ಗಂಟೆಯಲ್ಲಿ ಒದ್ದೆ ಮೈಯ ಮೇಲೆ ಎಲುಬಿನ ಗೆರೆ, ಗಾಯದ ಗುರುತು, ಕಿವಿಯ ಒಳಗಿನ ಉಣುಗು ಎಲ್ಲ ಕಾಣುತ್ತವೆ. ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಕಟ್ಟಿ ಬಿಟ್ಟಾಗ ಇಡೀ ಹಿಂಡು ದಣಪೆ ದಾಟಿ ಓಡುತ್ತದಲ್ಲ, ಅದನ್ನು ಹಿಂದಿನಿಂದ ನೋಡಿ. ಯಾವ ಕಡಸಿನ ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೇ ಬೀಳುತ್ತದೆ, ಯಾವುದು ಕಾಲನ್ನು ಹೊರಗೆ ಬೀಸಿ ನಡೆಯುತ್ತದೆ, ಯಾವುದರ ಹಿಂಗಾಲ ಗಿಣ್ಣುಗಳು ಒಂದಕ್ಕೊಂದು ತಾಗುತ್ತವೆ ಎಂಬುದೆಲ್ಲ ನಡಿಗೆಯಲ್ಲೇ ತೆರೆದುಕೊಳ್ಳುತ್ತದೆ. ನಿಂತ ಕರು ಎಷ್ಟೋ ದೋಷ ಮುಚ್ಚಿಡುತ್ತದೆ.

ನಾನು ಕಾಲಿನಿಂದಲೇ ನೋಡಲು ಶುರುಮಾಡುತ್ತೇನೆ. ದಿನವಿಡೀ ಬ್ಯಾಣ, ಕಾನು ಅಲೆದು ಹೊಟ್ಟೆ ತುಂಬಿಕೊಳ್ಳಬೇಕಾದ ದನ ಇದು. ಹಿಂಗಾಲನ್ನು ಪಕ್ಕದಿಂದ ನೋಡಿದರೆ ಗಿಣ್ಣಿನಲ್ಲಿ ತುಸು ಬಾಗು ಬೇಕು. ಕಂಬದಂತೆ ನೆಟ್ಟಗಿದ್ದರೆ ಇಳಿಜಾರಿನಲ್ಲಿ ಪೆಟ್ಟು ನೇರ ಕೀಲಿಗೆ ಬಿದ್ದು ನಾಲ್ಕು ಕರು ಹಾಕುವುದರೊಳಗೆ ಕುಂಟುತ್ತದೆ. ಬಾಗು ಹೆಚ್ಚಾದರೂ ಕೇಡೇ, ಹಿಮ್ಮಡಿ ಸವೆದು ಗೊರಸು ಮುಂದಕ್ಕೆ ಬೆಳೆಯುತ್ತದೆ. ಗೊರಸು ಕಪ್ಪಗೆ, ಗಟ್ಟಿಯಾಗಿ, ಎರಡೂ ಬೆರಳು ಸಮವಾಗಿ ಕೂಡಿರಬೇಕು. ತಿಂಗಳುಗಟ್ಟಲೆ ಕೆಸರಿನಲ್ಲಿ ನಿಲ್ಲುವ ಕಾಲು ಅದು. ಬಿರಿದ ಗೊರಸಿನ ಸಂದಿಗೆ ಮೊದಲ ಆಷಾಢದಲ್ಲೇ ಕೊಳೆ ಹಿಡಿಯುತ್ತದೆ.

ಕಾಲಿನ ನಂತರ ಸೊಂಟ. ಹಿಂದೆ ನಿಂತು ಎರಡು ಚಪ್ಪೆಗಳ ನಡುವಿನ ಅಗಲ ನೋಡಿ. ಆಮೇಲೆ ಬಾಲದ ಬುಡದ ಎರಡೂ ಪಕ್ಕ ಚಾಚಿಕೊಂಡ ಮೂಳೆಗಳ ನಡುವೆ ಕೈಯಿಟ್ಟು ಅಳೆಯಿರಿ. ಒಂದೇ ವಯಸ್ಸಿನ ಎರಡು ಕಡಸುಗಳಲ್ಲಿ ಒಂದಕ್ಕೆ ಮೂರು ಬೆರಳು, ಇನ್ನೊಂದಕ್ಕೆ ನಾಲ್ಕು ಬೆರಳು ಹಿಡಿದರೆ ಆ ಒಂದು ಬೆರಳಿಗೆ ಬೆಲೆಯಿದೆ. ಕರು ಹೊರಗೆ ಬರಬೇಕಾದ ದಾರಿ ಅದು. ಚಪ್ಪೆಯಿಂದ ಬಾಲದ ಕಡೆಗೆ ಬೆನ್ನು ತುಸು ಇಳಿದಿರುವುದು ಒಳ್ಳೆಯದು. ಕರು ಹಾಕಲು ಸಲೀಸು, ಹಾಕಿದ ಮೇಲೆ ಗರ್ಭಕೋಶದ ಮಲಿನ ಹೊರಹೋಗಲೂ ಸಲೀಸು. ಬಾಲದ ಬುಡವೇ ಎತ್ತರವಾಗಿರುವ ಕಡಸನ್ನು ಉಳಿದೆಲ್ಲ ಚೆನ್ನಾಗಿದ್ದರೂ ನಾನು ಎರಡನೇ ಸಾಲಿಗೆ ತಳ್ಳುತ್ತೇನೆ.

ಪಕ್ಕೆಯ ಮೇಲೆ ಅಂಗೈ ಸರಿಸಿ. ಎಲುಬುಗಳ ನಡುವೆ ಬೆರಳು ಕೂರುವಷ್ಟು ಜಾಗ, ಎಲುಬು ಹಿಂದಕ್ಕೆ ವಾಲಿ ಹೊರಕ್ಕೆ ಉಬ್ಬಿದ ರೀತಿ, ಚಿವುಟಿ ಬಿಟ್ಟರೆ ತಟ್ಟನೆ ಜಾಗಕ್ಕೆ ಮರಳುವ ತೆಳು ಚರ್ಮ, ಇವು ಹಾಲಿನ ಕಡೆ ತಿರುಗಿದ ಮೈಯ ಲಕ್ಷಣ. ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ ಬಾಯಿ ನೋಡಿ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗಿನ ಹಲ್ಲು ಆ ವಸಡಿಗೆ ಸರಿಯಾಗಿ ಕೂಡಬೇಕು. ದವಡೆ ಮುಂದೆ ಚಾಚಿದ್ದರೆ ಅಥವಾ ಒಳಗೆ ಸರಿದಿದ್ದರೆ ಗಿಡ್ಡ ಹುಲ್ಲನ್ನು ಕಚ್ಚಿ ಕತ್ತರಿಸಲು ಆಗುವುದಿಲ್ಲ. ಕಡೆಗೆ ಹೆಂಗರುವಿನ ತೊಡೆಸಂದಿಗೆ ಕೈಹಾಕಿ ಮೊಲೆ ಎಣಿಸಿ. ನಾಲ್ಕೂ ಚೌಕದ ಮೂಲೆಗಳಲ್ಲಿ ದೂರ ದೂರ ಇದ್ದರೆ ಸಂತೋಷ. ಐದನೆಯದೊಂದು ಪುಟ್ಟದು ಹಿಂದಿನ ಮೊಲೆಗೆ ಅಂಟಿಕೊಂಡಂತಿದ್ದರೆ ಮುಂದೆ ಕರೆಯುವವರಿಗೆ ತೊಂದರೆ. ಅವಳಿಯಲ್ಲಿ ಹೋರಿಗರುವಿನ ಜೊತೆ ಹುಟ್ಟಿದ ಹೆಂಗರುವನ್ನಂತೂ ತಳಿಗೆಂದು ಇಟ್ಟುಕೊಳ್ಳಲೇಬೇಡಿ, ಅದು ಬಹುಪಾಲು ಬಂಜೆ.

ಸುಳಿಯ ವಿಚಾರ. ನಮ್ಮ ಕಡೆ ಹಣೆಯಲ್ಲಿ, ಬೆನ್ನಿನಲ್ಲಿ, ಹೆಗಲಿನಲ್ಲಿ ಸುಳಿ ನೋಡದೆ ದನ ಕೊಳ್ಳುವವರಿಲ್ಲ. ಕೂದಲು ತಿರುಗಿದ ದಿಕ್ಕಿಗೂ ಹಾಲಿಗೂ ಸಂಬಂಧವಿಲ್ಲ. ತಪ್ಪು ಜಾಗದ ಸುಳಿಯೊಂದರ ದೆಸೆಯಿಂದ ಚಂದದ ಸೊಂಟ, ಕಬ್ಬಿಣದಂಥ ಗೊರಸಿನ ಕಡಸು ಮನೆಬಿಟ್ಟು ಹೋಗುವುದು ತಳಿಗೆ ನಷ್ಟ. ಹಾಗೆಂದು ಹಳಬರ ಲಕ್ಷಣಶಾಸ್ತ್ರವನ್ನೆಲ್ಲ ತಳ್ಳಿಹಾಕುವವನು ನಾನಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗೋಲಕ್ಷಣಕ್ಕೇ ಒಂದು ಅಧ್ಯಾಯವಿದೆ. ನೀರು ಸುರಿಯುವ ಕಣ್ಣು, ಅಲುಗಾಡುವ ಕೊಂಬು ಶುಭವಲ್ಲ ಎಂದು ಅದು ಹೇಳುತ್ತದೆ. ಕಣ್ಣು ಸೋರುವ ದನಕ್ಕೆ ಒಳಗೆ ಏನೋ ಕಾಯಿಲೆಯಿದೆ ಎಂದು ಇಂದಿನ ಪಶುವೈದ್ಯರೂ ಹೇಳುತ್ತಾರೆ. ಕಣ್ಣಿಂದ ನೋಡಿ ಕೈಯಿಂದ ಮುಟ್ಟಿ ತಿಳಿದದ್ದನ್ನು ಉಳಿಸಿಕೊಂಡು ಸುಳಿಯನ್ನು ಬಿಡೋಣ.

ಯಾವಾಗ ನೋಡಬೇಕು ಎಂಬುದೂ ಮುಖ್ಯ. ಮಳೆಗಾಲದ ಕೊನೆಯಲ್ಲಿ ಕರುಗಳಿಗೆ ಜಂತುಹುಳು ಹೆಚ್ಚು. ಹೊಟ್ಟೆ ಡೊಳ್ಳಾಗಿ, ಬೆನ್ನು ಸಣಕಲಾಗಿ, ರೋಮ ಒರಟಾಗಿ ನಿಂತ ಕರುವನ್ನು ಆಗಲೇ ಅಳೆದು ಬೇಡವೆಂದರೆ ಅನ್ಯಾಯ. ಮೊದಲು ಹುಳದ ಔಷಧಿ ಹಾಕಿಸಿ, ಒಂದೂವರೆ ಎರಡು ತಿಂಗಳು ಬಿಟ್ಟು ಮತ್ತೆ ನೋಡಿ. ಬೆಳೆಯುವ ವಯಸ್ಸಿನಲ್ಲಿ ಕರುವಿನ ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿ ಕಾಣುವುದೂ ಸಹಜ, ಭುಜ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಒಂದೇ ನೋಟಕ್ಕೆ ತೀರ್ಪು ಬೇಡ. ಹುಟ್ಟಿದ ತಿಂಗಳೊಪ್ಪತ್ತಿನಲ್ಲಿ ಒಮ್ಮೆ, ಹಾಲು ಬಿಟ್ಟ ಮೇಲೆ ಒಮ್ಮೆ, ಎರಡು ಹಲ್ಲು ಹಾಕುವ ಹೊತ್ತಿಗೆ, ಅಂದರೆ ಎರಡು ವರ್ಷ ದಾಟಿದ ಮೇಲೆ ಮತ್ತೊಮ್ಮೆ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 46, ಉದ್ದ 34 ಬಂದರೆ 240 ಪೌಂಡು, ಅಂದರೆ 109 ಕಿಲೋ. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟರೂ ಆದೀತು, ಬರೆದಿಡಿ.

ಇಷ್ಟಾದರೂ ಕಡಸಿನಲ್ಲಿ ಒಂದು ವಸ್ತು ಕಾಣಸಿಗುವುದಿಲ್ಲ: ಕೆಚ್ಚಲು. 1904ರಲ್ಲಿ ಶುರುವಾದ ಅಮೆರಿಕದ ಹಾಲಿನ ಆಡು ಸಾಕುವವರ ಸಂಘದ ಅಂಕಪಟ್ಟಿ ಈ ಕಷ್ಟವನ್ನು ನೇರವಾಗಿ ಒಪ್ಪಿಕೊಳ್ಳುತ್ತದೆ. ಕರೆಯುವ ಆಡಿಗೆ ನೂರರಲ್ಲಿ 35 ಅಂಕ ಕೆಚ್ಚಲಿಗೇ ಮೀಸಲು. ಇನ್ನೂ ಮರಿ ಹಾಕದ ಎಳೆಯದಕ್ಕೆ ಆ 35 ಇಲ್ಲವೇ ಇಲ್ಲ. ಒಟ್ಟು ರೂಪಕ್ಕೆ 55, ಹಾಲಿನ ಮೈಕಟ್ಟಿಗೆ 30, ಒಡಲಿನ ಹರವಿಗೆ 15 ಎಂದು ಹಂಚಿ ಬಿಡುತ್ತಾರೆ. ಪ್ರದರ್ಶನದ ಅಂಗಳದಲ್ಲಿ ತೀರ್ಪುಗಾರನ ಮುಂದೆ ಇರುವುದು ಮರಿ ಮಾತ್ರ, ಅವನಿಗೆ ಬೇರೆ ದಾರಿಯಿಲ್ಲ. ನಮಗೆ ದಾರಿಯಿದೆ. ಕಡಸಿನ ತಾಯಿ ಅದೇ ಕೊಟ್ಟಿಗೆಯಲ್ಲಿದೆ, ಅಜ್ಜಿ ಪಕ್ಕದ ಗೂಟದಲ್ಲಿದೆ. ಕರೆಯುವ ಮುಂಚೆ ತಾಯಿಯ ಕೆಚ್ಚಲು ಹೊಟ್ಟೆಗೆ ಅಂಟಿದ ಬೋಗುಣಿಯಂತಿದೆಯೋ ಜೋತುಬಿದ್ದಿದೆಯೋ, ಕರೆದ ಮೇಲೆ ಮೆತ್ತಗೆ ಬತ್ತುತ್ತದೋ, ಕರು ಹಾಕಿ ಎಷ್ಟು ತಿಂಗಳಿಗೆ ಮತ್ತೆ ಬೆದೆಗೆ ಬರುತ್ತದೆ, ಕಾಲುಬಾಯಿ ಬೇನೆ ಊರಿಗೆ ಬಂದ ವರ್ಷ ಎಷ್ಟು ಬೇಗ ಚೇತರಿಸಿಕೊಂಡಿತು, ಈ ಮಾಹಿತಿ ಮನೆಯ ಹೆಂಗಸರ ಬಾಯಲ್ಲಿರುತ್ತದೆ. ಕರೆಯುವ ಕೈ ಅವರದು. ಕರುವಿನ ತೀರ್ಮಾನ ಜಗಲಿಯ ಮೇಲೆ ಗಂಡಸರ ನಡುವೆ ಆಗುವಾಗ ಆ ಅತ್ತೆಯನ್ನೋ ಅಕ್ಕನನ್ನೋ ಕರೆದು ಕೇಳುವುದೇ ಇಲ್ಲವಲ್ಲ ಎಂಬುದು ನನಗೆ ಬೇಸರದ ಸಂಗತಿ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಗಾದೆಯಿದೆ. ಗಾದೆ ತಂದೆಯನ್ನು ಬಿಟ್ಟಿತು, ನಾವೂ ಬಿಟ್ಟೆವು. ಈ ಅಂಕಣದ ಮುಖ್ಯ ಮಾತು ಇದೇ. ಒಂದು ಹಸು ತನ್ನ ಬದುಕಿನಲ್ಲಿ ಹತ್ತು ಕರು ಹಾಕಿದರೆ ಹೆಚ್ಚು. ಒಂದು ಹೋರಿ ಒಂದೇ ವರ್ಷದಲ್ಲಿ ಇಡೀ ಕೇರಿಯ ಕರುಗಳಿಗೆ ತಂದೆಯಾಗುತ್ತದೆ. ಹೀಗಿದ್ದೂ ಹೆಂಗರುವನ್ನು ಮುಟ್ಟಿ ತಟ್ಟಿ ನೋಡುವ ನಾವು ಹೋರಿಗರುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಪವರ್ ಟಿಲ್ಲರ್ ಬಂದ ಮೇಲೆ ಅದಕ್ಕೆ ಹೂಡುವ ಕೆಲಸವೂ ಇಲ್ಲ. ಚೆನ್ನಾಗಿ ಬೆಳೆದದ್ದು ಮೊದಲು ಮಾರಾಟವಾಗುತ್ತದೆ. ಯಾರೂ ಕೇಳದ ಕುರೂಪಿ ಹಿಂಡಿನಲ್ಲೇ ಉಳಿದು ಬೆಟ್ಟದಲ್ಲಿ ಬೆದೆಗೆ ಬಂದ ಹಸುಗಳನ್ನೆಲ್ಲ ಹಾರಿಕೊಂಡು ಇರುತ್ತದೆ. ಹಿಂದೆ ಲಕ್ಷಣವಾದ ಕರುವನ್ನೇ ದೇವರ ಹೆಸರಿನಲ್ಲಿ ಬಸವ ಬಿಡುತ್ತಿದ್ದರು. ಊರಿಗೆ ಒಂದು ಒಳ್ಳೆಯ ಹೋರಿ ಅದರಿಂದಲೇ ಸಿಗುತ್ತಿತ್ತು.

ಹೋರಿಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಕೇರಳ ನೋಡಿದೆ. ವೈಕಂ ಬಳಿಯ ವೆಚ್ಚೂರಿನ ಪುಟ್ಟ ದನ ನಮ್ಮ ಗಿಡ್ಡಕ್ಕಿಂತ ಹೆಸರುವಾಸಿಯಾಗಿತ್ತು. ಮಿಶ್ರತಳಿಯ ಉತ್ಸಾಹದಲ್ಲಿ 1961ರ ಕಾಯ್ದೆ ಬಂದು ನಾಟಿ ಹೋರಿಗಳ ಬೀಜ ಒಡೆಸುವುದು ನಡೆಯಿತು. ತಳಿ ಕಣ್ಮರೆಯಾಗುವ ಹಂತಕ್ಕೆ ಬಂತು. 1989ರಲ್ಲಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೋಶಮ್ಮ ಐಪ್ ತಮ್ಮ ವಿದ್ಯಾರ್ಥಿಗಳೊಂದಿಗೆ ಊರೂರು ಅಲೆದು ಉಳಿದ ಬೆರಳೆಣಿಕೆಯ ದನಗಳನ್ನು ಹುಡುಕಿ ತಂದು ತಳಿಯನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗಿಡ್ಡ ಇನ್ನೂ ಆ ಸ್ಥಿತಿಗೆ ಇಳಿದಿಲ್ಲ. ಇಳಿಯುವ ಮೊದಲೇ ಹೋರಿ ಕಟ್ಟಬೇಕು.

ಹೋರಿಗರುವಿನಲ್ಲಿ ನೋಡಬೇಕಾದ್ದು ಹೆಂಗರುವಿನಲ್ಲಿ ನೋಡುವುದೆಲ್ಲ, ಇನ್ನೂ ನಿಷ್ಠುರವಾಗಿ. ಹೆಂಗರುವಿನ ಸಣ್ಣ ದೋಷವನ್ನು ಕ್ಷಮಿಸಬಹುದು, ಹೋರಿಗರುವಿನದನ್ನು ಕೂಡದು. ಬೀಜ ಎರಡೂ ಇಳಿದಿರಬೇಕು, ಸಮನಾಗಿರಬೇಕು. ಒಂದೇ ಇಳಿದಿದ್ದರೆ ಅಲ್ಲಿಗೇ ಕೈಬಿಡಿ, ಆ ದೋಷ ಸಂತಾನಕ್ಕೂ ಹೋಗುತ್ತದೆ. ಹೊಕ್ಕುಳಲ್ಲಿ ಉಬ್ಬು ಕೂಡದು. ಬೀಜದ ಮುಂದೆ ಇರುವ ಪುಟ್ಟ ಮೊಲೆಗಳೂ ನಾಲ್ಕೇ ಇದ್ದು ಬಿಡಿಬಿಡಿಯಾಗಿರಲಿ. ಮುಂಭಾಗ ತುಂಬಿ, ಹಿಣಿಲು ಗಟ್ಟಿಯಾಗಿ ಮೇಲೆದ್ದು, ಮುಖದಲ್ಲಿ ಗಂಡುಕಳೆ ಇರಬೇಕು. ಹಾಗೆಂದು ಹಾಯುವ ಬುದ್ಧಿಯದು ಬೇಡ, ಮಕ್ಕಳು ಹೆಂಗಸರು ದನ ಅಟ್ಟುವ ಊರು ನಮ್ಮದು. ತಾಯಿ ಮಾತ್ರ ಊರಿನ ಅತ್ಯುತ್ತಮ ಹಸುಗಳಲ್ಲಿ ಒಂದಾಗಿರಲೇಬೇಕು.

ಆರಿಸಿದ ಹೋರಿ ಮೂರು ವರ್ಷಕ್ಕಿಂತ ಹೆಚ್ಚು ಒಂದೇ ಹಿಂಡಿನಲ್ಲಿ ಇರಬಾರದು. ಅಷ್ಟರಲ್ಲಿ ಅದರ ಹೆಣ್ಣುಮಕ್ಕಳೇ ಬೆದೆಗೆ ಬರುತ್ತವೆ. ತಂದೆ ಮಗಳ ಕೂಡಿಕೆಯಿಂದ ಹುಟ್ಟುವ ಕರುವಿನಲ್ಲಿ ಒಳಸಂತಾನದ ಪ್ರಮಾಣ ನೂರಕ್ಕೆ 25. ಬಡಕಲು, ಬಂಜೆತನ ಬರುವುದು ಹೀಗೆ. ಹುಂಚದ ಹೋರಿ ಅರಸಾಳು ಕಡೆಗೆ, ಅಲ್ಲಿಯದು ನಗರದ ಕಡೆಗೆ ಹೋಗಲಿ. ದುಡ್ಡಿನ ಮಾತೇ ಬೇಕಿಲ್ಲ, ಹೋರಿಗೆ ಹೋರಿ ಬದಲು. ಆರಿಸದೆ ಬಿಟ್ಟ ಹೋರಿಗರುಗಳಿಗೆ ಅವು ಹಾರಲು ತೊಡಗುವ ಮೊದಲೇ ಪಶು ಆಸ್ಪತ್ರೆಯಲ್ಲಿ ಇಕ್ಕಳ ಹಾಕಿಸಿ. ಗಿಡ್ಡದ ಮೊದಲ ಸೂಲಿನ ಕಡಸಿಗೆ ದೊಡ್ಡ ತಳಿಯ ವೀರ್ಯ ಕೊಡಿಸುವ ಅವಸರವೂ ಬೇಡ. ಕರು ದೊಡ್ಡದಾಗಿ ಸಿಕ್ಕಿಕೊಂಡರೆ ಎರಡೂ ಜೀವ ಹೋಗುತ್ತವೆ.

ನಿಮ್ಮ ಕೇರಿಯಲ್ಲಿ ಈ ವರ್ಷ ಹುಟ್ಟಿದ ಹೋರಿಗರುಗಳನ್ನೆಲ್ಲ ಒಂದು ದಿನ ಒಂದೇ ಅಂಗಳಕ್ಕೆ ತನ್ನಿ. ನಡೆಸಿ ನೋಡಿ, ಮುಟ್ಟಿ ನೋಡಿ, ತಾಯಂದಿರನ್ನು ಕರೆಯುವವರನ್ನು ಕೇಳಿ. ಒಂದನ್ನು ಆರಿಸಿ, ಅದರ ಹುಲ್ಲಿನ ಖರ್ಚನ್ನು ಎಲ್ಲ ಮನೆಗಳೂ ಹಂಚಿಕೊಳ್ಳಿ, ಯಾರು ಎಷ್ಟು ಬೆಲೆ ಹೇಳಿದರೂ ಅದನ್ನು ಕೊಡಬೇಡಿ.