ನೂರಿಪ್ಪತ್ತು ದಿನದ ಕೆಂಪು

ಲೀಶ್‌ಮನ್ ಬಣ್ಣ ಹಾಕಿ ಒಣಗಿಸಿದ ರಕ್ತದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಮೊದಲು ಆಗುವುದು ಸಣ್ಣ ನಿರಾಸೆ. ಅಲ್ಲಿ ಕೆಂಪೇ ಇಲ್ಲ. ಒಂದೊಂದು ಕಣವೂ ನಸುಗುಲಾಬಿ, ನಡುವೆ ಇನ್ನೂ ತಿಳಿ. ಪೇಡದ ಮೇಲೆ ಹೆಬ್ಬೆರಳು ಒತ್ತಿದ ಗುರುತು ಇರುತ್ತದಲ್ಲ, ಅಂಥದ್ದೇ ಕುಳಿ, ಆದರೆ ಎರಡೂ ಬದಿಗೆ. ಏಳೆಂಟು ಮೈಕ್ರಾನ್ ಅಗಲದ ಈ ಬಿಲ್ಲೆ ತನಗಿಂತ ಕಿರಿದಾದ ಲೋಮನಾಳದೊಳಗೂ ಮಡಚಿಕೊಂಡು ನುಸುಳಿ, ಆಚೆ ಬಂದು ಮತ್ತೆ ದುಂಡಗಾಗುತ್ತದೆ. ಆ ಕುಳಿ ಇರುವುದರಿಂದಲೇ ಅದಕ್ಕೆ ಮಡಚಿಕೊಳ್ಳಲು ಬೇಕಾದಷ್ಟು ಸಡಿಲ ಮೈ.

ಹುಟ್ಟುವಾಗಲೇ ಅದು ತನ್ನ ನ್ಯೂಕ್ಲಿಯಸ್ಸನ್ನು ಮೂಳೆಮಜ್ಜೆಯಲ್ಲಿ ಬಿಟ್ಟು ಬರುತ್ತದೆ. ಮೈಟೊಕಾಂಡ್ರಿಯವೂ ಇಲ್ಲ. ಒಡಲ ತುಂಬ ಆಮ್ಲಜನಕ ಹೊತ್ತು ತಿರುಗಿದರೂ ತನ್ನ ಹೊಟ್ಟೆಗೆ ಅದನ್ನು ಬಳಸುವುದಿಲ್ಲ. ಒಂದಿಷ್ಟು ಗ್ಲೂಕೋಸಿನಲ್ಲೇ ಸಂಸಾರ. ಹಾಲು ಹಾಕುವವನ ಮನೆಯಲ್ಲಿ ಕರಿಕಾಫಿ! ಹರಿದದ್ದನ್ನು ಹೊಲಿದುಕೊಳ್ಳುವ ಪ್ರೋಟೀನನ್ನು ಹೊಸದಾಗಿ ಮಾಡಿಕೊಳ್ಳಲಾರದ ಈ ಜೀವ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಸುತ್ತಿನಂತೆ ಸುಮಾರು 120 ದಿನ ತಿರುಗುತ್ತದೆ. ಲೆಕ್ಕ ಹಾಕಿದರೆ ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು.

ಈ 120 ದಿನ ಗೊತ್ತಾದ ಬಗೆ ನನಗೆ ಕಣದಷ್ಟೇ ಪ್ರಿಯ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಶೆಮಿನ್, ತೂಕ ಹೆಚ್ಚಿರುವ ನೈಟ್ರೋಜನ್-15 ಸೇರಿಸಿದ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು 66 ಗ್ರಾಂನಷ್ಟು ತಾನೇ ತಿಂದ. ಬೇರೆ ಯಾರನ್ನೂ ಹುಡುಕಲಿಲ್ಲ. ಆ ಕೆಲ ದಿನಗಳಲ್ಲಿ ಹುಟ್ಟಿದ ಕಣಗಳ ಹಿಮೊಗ್ಲೋಬಿನ್ನಿನಲ್ಲಿ ಆ ಗುರುತು ಸೇರಿಕೊಂಡಿತು. ಆಮೇಲೆ ತಿಂಗಳುಗಟ್ಟಲೆ ತನ್ನದೇ ರಕ್ತ ತೆಗೆದು ಅಳೆಯುತ್ತ ಕೂತ. 1946ರಲ್ಲಿ ಸಹೋದ್ಯೋಗಿ ರಿಟನ್‌ಬರ್ಗ್ ಜೊತೆ ಪ್ರಕಟಿಸಿದ ಆ ಅಳತೆಯ ಗೆರೆಯನ್ನು ನೋಡಬೇಕು: ಮೇಲೇರುತ್ತದೆ, ಮೇಲೆಯೇ ಬಹಳ ದಿನ ನಿಲ್ಲುತ್ತದೆ, ನೂರು ದಿನದ ಸುಮಾರಿಗೆ ಬಾಗಿ ಇಳಿಯುತ್ತದೆ. ಸರಾಸರಿ 127 ದಿನ. ಕಣಗಳು ಸಿಕ್ಕಸಿಕ್ಕ ವಯಸ್ಸಿನಲ್ಲಿ ಸಾಯುತ್ತಿದ್ದರೆ ಗೆರೆ ಮೊದಲ ದಿನದಿಂದಲೇ ಜಾರಬೇಕಿತ್ತು. ಹಾಗೆ ಜಾರದೆ ನಿಂತ ಆ ಸಮತಟ್ಟಿನಲ್ಲಿ ಒಂದು ಸುದ್ದಿ ಇದೆ: ಇವು ಮುಪ್ಪಿನಿಂದ ಸಾಯುತ್ತವೆ.

ಆದರೆ ಮೂತ್ರಪಿಂಡ ಸೋತವರಲ್ಲಿ ಮುಪ್ಪು ಬೇಗ ಬರುತ್ತದೆ. ಅಲ್ಲಿ ಕಣದ ಆಯಸ್ಸು ಎಷ್ಟೋ ವೇಳೆ ಅರವತ್ತು, ಎಂಬತ್ತು ದಿನಕ್ಕೆ ಇಳಿಯುತ್ತದೆ. ಕಿಡ್ನಿ ಕಾಯಿಲೆಯ ರಕ್ತಹೀನತೆ ಎಂದರೆ ಎರಿಥ್ರೊಪೊಯೆಟಿನ್ ಸಾಲದು ಎಂದಷ್ಟೇ ನಾವು ಹೇಳಿ ಮುಗಿಸುತ್ತೇವೆ. ಅದು ನಿಜವೇ; ಆಮ್ಲಜನಕ ಕಡಿಮೆಯಾದದ್ದನ್ನು ಮೊದಲು ಮೂಸಿ, ಮಜ್ಜೆಗೆ ಈ ಹಾರ್ಮೋನಿನ ಮೂಲಕ ‘ಇನ್ನಷ್ಟು ಮಾಡು’ ಎಂದು ಹೇಳಿಕಳಿಸುವುದು ಮೂತ್ರಪಿಂಡವೇ. ಹುಟ್ಟು ಕಡಿಮೆಯಾದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ಸಾವು ಬೇಗ ಬಂದದ್ದು ಬೀಳುವುದಿಲ್ಲ.

ದೋಷ ಕಣದ್ದೋ, ಅದು ಈಜುವ ನೀರಿನದ್ದೋ? 1950ರ ದಶಕದಲ್ಲಿ ಇದನ್ನು ಅದಲುಬದಲು ಮಾಡಿ ಕೇಳಿದರು. ರೋಗಿಯ ಕಣಗಳನ್ನು ಆರೋಗ್ಯವಂತನ ಮೈಗೆ ಕೊಟ್ಟಾಗ ಅವು ಎಲ್ಲರಂತೆ ಬಾಳಿದವು. ಆರೋಗ್ಯವಂತನ ಕಣಗಳನ್ನು ರೋಗಿಗೆ ಕೊಟ್ಟಾಗ ಬೇಗ ಸತ್ತವು. ಇಷ್ಟು ಸರಳವಾಗಿ, ಇಷ್ಟು ಚೊಕ್ಕವಾಗಿ ಪ್ರಶ್ನೆ ಕೇಳಿದ್ದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸುತ್ತದೆ. ಕೆಟ್ಟದ್ದು ನೀರು, ಮೀನಲ್ಲ.

ಆ ನೀರು ಏನು ಮಾಡುತ್ತದೆ? ಕಣದ ಪೊರೆಯ ಒಳಮೈಯಲ್ಲಿ ಫಾಸ್ಫಟೈಡಿಲ್‌ಸೀರಿನ್ ಎಂಬ ಕೊಬ್ಬು ಇರುತ್ತದೆ, ಕೋಟಿನ ಅಸ್ತರಿನ ಹಾಗೆ. ಯೂರಿಯಾದಂಥ ಕಸ ಹೆಚ್ಚಿದ ರಕ್ತದಲ್ಲಿ ಈ ಅಸ್ತರು ಅಕಾಲದಲ್ಲೇ ಹೊರಗೆ ಹೊರಳುತ್ತದೆ. ಹಳೆಯ ಕಣಗಳನ್ನು ನುಂಗಲೆಂದೇ ಕಾದಿರುವ ಮ್ಯಾಕ್ರೊಫೇಜುಗಳಿಗೆ ಅಷ್ಟು ಸಾಕು. ಕೆಲವು ಕಣಗಳ ಅಂಚಿನಲ್ಲಂತೂ ಮೊಟಕು ಮುಳ್ಳುಗಳೇಳುತ್ತವೆ. ಸ್ಲೈಡಿನಲ್ಲಿ ನೋಡಲು ಅವು ಚೆಂದ. ಆ ಚೆಂದಕ್ಕೆ ನಾಚಿಕೆಯಾಗುತ್ತದೆ.

ಎತ್ತರದ ಕಥೆ ಇದಕ್ಕೆ ತಿರುಗುಮುರುಗು. ಪೆರುವಿನ ಸೆರೊ ಡಿ ಪಾಸ್ಕೊ ಊರು 4,300 ಮೀಟರಿಗೂ ಮೇಲಿದೆ. ಅಲ್ಲಿನ ತೆಳುಗಾಳಿಗೆ ಮೂತ್ರಪಿಂಡ ಮಜ್ಜೆಯನ್ನು ಓಡಿಸಿ ಓಡಿಸಿ, ಕೆಲವರ ರಕ್ತ ಅತಿಯಾಗಿ ದಟ್ಟವಾಗಿರುತ್ತದೆ. ಅಂಥವರನ್ನು ಕಡಲ ಮಟ್ಟಕ್ಕೆ ಇಳಿಸಿದಾಗ ಎರಿಥ್ರೊಪೊಯೆಟಿನ್ ಇಳಿಯಿತು, ಕೆಲವೇ ದಿನಗಳಲ್ಲಿ ರಕ್ತಕಣಗಳ ಮೊತ್ತವೂ ಇಳಿಯಿತು. ಹುಟ್ಟು ನಿಂತ ಮಾತ್ರಕ್ಕೆ ಇಷ್ಟು ಬೇಗ ಇಳಿಯಲಾರದು. ದಿನಕ್ಕೆ ಸಾಯುವ ಪಾಲು ಶೇಕಡಾ ಒಂದರಷ್ಟು ಮಾತ್ರ. ಹಾಗಾದರೆ ಸತ್ತವರಾರು? ಈಚೆಗೆ ಹುಟ್ಟಿದ ಎಳೆಯ ಕಣಗಳು ಎಂದು ಕೆಲವು ವಿಜ್ಞಾನಿಗಳ ವಾದ. ಬಾಹ್ಯಾಕಾಶಕ್ಕೆ ಹೋದವರಲ್ಲೂ ಇದನ್ನೇ ಕಂಡೆವೆಂದರು. ಒಪ್ಪದವರೂ ಇದ್ದಾರೆ. ನನಗೆ ಈ ವಾದ ಬೇಡವೆನಿಸುತ್ತದೆ, ಆದರೂ ತಲೆಯಿಂದ ಹೋಗುವುದಿಲ್ಲ: ತುಂಬಿದ ಮನೆಯಲ್ಲಿ ಮುದುಕರನ್ನು ಉಳಿಸಿ ಕೂಸುಗಳನ್ನು ಕಳಿಸುವ ದೇಹ.

ಆಯಸ್ಸು ಕುಗ್ಗಿದ ಕಣ ಇನ್ನೊಂದು ಕಡೆಯೂ ಮೋಸ ಮಾಡುತ್ತದೆ. ಹಿಮೊಗ್ಲೋಬಿನ್‌ಗೆ ಅಂಟಿದ ಸಕ್ಕರೆ ನೋಡಿ ಮೂರು ತಿಂಗಳ ಮಧುಮೇಹದ ಲೆಕ್ಕ ಹೇಳುವ ಪರೀಕ್ಷೆ ಇದೆಯಲ್ಲ, ಎಚ್‌ಬಿಎ1ಸಿ, ಅದು ಕಣ ಪೂರ್ತಿ ಬಾಳಿತೆಂದೇ ನಂಬುತ್ತದೆ. ಅರವತ್ತು ದಿನಕ್ಕೇ ಹೋದ ಕಣಕ್ಕೆ ಸಕ್ಕರೆ ಅಂಟಿಸಿಕೊಳ್ಳಲು ಪುರಸೊತ್ತೆಲ್ಲಿ? ಎಷ್ಟೋ ವರ್ಷದ ಸಕ್ಕರೆ ಕಾಯಿಲೆಯ ಯಜಮಾನರು ರಿಪೋರ್ಟು ಹಿಡಿದು, “ನೋಡಿ ಡಾಕ್ಟ್ರೇ, ಈ ಸಲ ಎಷ್ಟು ಇಳಿದಿದೆ!” ಎಂದು ನಗುತ್ತಾ ಬಂದು ಕೂರುತ್ತಾರೆ. ಅನುಭವಿ ವೈದ್ಯರು ತಾವೂ ನಕ್ಕು, ಹಾಳೆ ತಿರುವಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟಿದೆ ಎಂದು ಹುಡುಕುತ್ತಾರೆ.